ಯಾವ ಪ್ಲಗಿನ್ ಮ್ಯಾನೇಜರ್ ಒಳ್ಳೆಯದು?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಿಂದ ಬಸ್ ಹಿಡಿದು ಬಂದು ಬಿ.ಇ. ಓದುವ ನಮ್ಮ ಗುಂಪಿಗೆ ವಿಮ್ ಎಂಬ ಟೆಕ್ಸ್ಟ್ ಎಡಿಟರ್ ಕಲಿಯುವ ಹುಮ್ಮಸ್ಸು. ಆದರೆ ಒಂದು ಸಾಲು ಕೋಡ್ ಬರೆಯುವ ಮೊದಲೇ, ಯಾವ ಪ್ಲಗಿನ್ ಮ್ಯಾನೇಜರ್ ಹಾಕಬೇಕೆಂಬ ವಾದ. ಕೂಸು ಹುಟ್ಟುವ ಮುನ್ನ ಕುಲಾವಿ!

ಆರಂಭಕ್ಕೆ ಯಾವುದೂ ಬೇಡ ಎನ್ನುತ್ತೇನೆ ನಾನು. ಮ್ಯಾನೇಜರ್ ಮಾಡುವ ಮುಖ್ಯ ಕೆಲಸ ಎರಡು: ಪ್ಲಗಿನ್ ಇಳಿಸಿಕೊಳ್ಳುವುದು, ಅದು ಎಲ್ಲಿದೆಯೆಂದು ವಿಮ್‌ಗೆ ತಿಳಿಸುವುದು. 2016ರಲ್ಲಿ ಬಂದ ವಿಮ್ 8ರಿಂದ ಎರಡನೆಯ ಕೆಲಸವನ್ನು ವಿಮ್ ತಾನೇ ಮಾಡುತ್ತದೆ. ‘ಪ್ಯಾಕ್’ ಫೋಲ್ಡರ್, ಅದರೊಳಗೆ ನಿಮಗಿಷ್ಟದ ಹೆಸರಿನದೊಂದು, ಅದರೊಳಗೆ ‘ಸ್ಟಾರ್ಟ್’. ಅಲ್ಲಿಟ್ಟ ಪ್ಲಗಿನ್ ತಾನಾಗಿಯೇ ಲೋಡ್ ಆಗುತ್ತದೆ. ಗೆಳೆಯರ ಪೆನ್‌ಡ್ರೈವ್‌ನಿಂದ ಕಾಪಿ ಮಾಡಿಕೊಂಡರೆ ಮೊಬೈಲ್ ಡೇಟಾವೂ ಉಳಿಯುತ್ತದೆ.

ಮ್ಯಾನೇಜರ್‌ಗಳು ಬರುತ್ತವೆ, ಹೋಗುತ್ತವೆ. ನಿಯೋವಿಮ್ ಬಳಸುವವರ ಮೆಚ್ಚಿನ ಪ್ಯಾಕರ್‌ನ ನಿರ್ವಹಣೆ 2023ರಲ್ಲಿ ನಿಂತಿತು. ಲೇಜಿಗೆ ಹೋದವರು ಸೆಟ್ಟಿಂಗ್‌ಗಳನ್ನು ಹೊಸದಾಗಿ ಬರೆಯಬೇಕಾಯಿತು. ಪ್ಲಗಿನ್‌ಗಳು ಹೆಚ್ಚಿ, ಅಪ್‌ಡೇಟ್ ತಲೆನೋವಾದಾಗ ವಿಮ್-ಪ್ಲಗ್ ಹಾಕಿಕೊಳ್ಳಿ. ಅದು ಒಂದೇ ಫೈಲ್. ವಿಮ್, ನಿಯೋವಿಮ್ ಎರಡರಲ್ಲೂ ನಡೆಯುತ್ತದೆ.

ನಾಳೆ ಕೆಲಸಕ್ಕೆ ಸೇರಿ ಯಾವುದೋ ಸರ್ವರ್‌ಗೆ ಲಾಗಿನ್ ಆದಾಗ ನಮ್ಮ ಪ್ಲಗಿನ್‌ಗಳು ಅಲ್ಲಿರುವುದಿಲ್ಲ. ಕೈಹಿಡಿಯುವುದು ಬೆರಳಿಗೆ ಹತ್ತಿದ ವಿಮ್ ಮಾತ್ರ. ವಾದದ ಸಮಯದಲ್ಲಿ ಅರ್ಧ ಗಂಟೆಯನ್ನು, ವಿಮ್ ಜೊತೆಗೇ ಬರುವ ವಿಮ್‌ಟ್ಯೂಟರ್ ಪಾಠಕ್ಕೆ ಕೊಡೋಣ.