ಬುದ್ಧಿಮಾಂದ್ಯರ ವಸತಿಗೃಹಗಳು

ಕಳೆದ ವಾರ ನಮ್ಮ ಕಾರ್ಯಾಲಯಕ್ಕೆ ಒಬ್ಬ ವೃದ್ಧ ಗೃಹಸ್ಥರು ದಯಮಾಡಿಸಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಉಪಾಧ್ಯಾಯ ವೃತ್ತಿಯಲ್ಲಿದ್ದು ವಿಶ್ರಾಂತಿ ಪಡೆದವರು. ಅವರ ಕೈಯಲ್ಲಿ ನಮ್ಮದೇ ಪತ್ರಿಕೆಯಿಂದ ಕತ್ತರಿಸಿದ ಒಂದು ತುಣುಕು. ಬುದ್ಧಿಮಾಂದ್ಯರಿಗೆ ಆಜೀವ ಆಶ್ರಯ, ಮನೆಯ ವಾತಾವರಣ, ನುರಿತ ಸಿಬ್ಬಂದಿ ಎಂದು ಸಾರುವ ಜಾಹೀರಾತು. ಅವರ ಮಗನಿಗೆ ಈಗ 41 ವರ್ಷ. ಸ್ನಾನಕ್ಕೂ ಊಟಕ್ಕೂ ಮತ್ತೊಬ್ಬರ ಕೈ ಬೇಕು. ಆ ಕೈ ತಾಯಿಯದಾಗಿತ್ತು. ಆಕೆ ಹೋದ ವರ್ಷ ತೀರಿಕೊಂಡರು. “ಸ್ವಾಮೀ, ಮುಂಗಡ ಮೂರು ಲಕ್ಷ ಕೇಳುತ್ತಾರೆ, ಮೇಲೆ ತಿಂಗಳಿಗೆ ಹದಿನೆಂಟು ಸಾವಿರ. ಪಿಂಚಣಿಯಲ್ಲಿ ಹೇಗೋ ಹೊಂದಿಸಿಯೇನು. ತಮ್ಮ ಪತ್ರಿಕೆಯಲ್ಲಿ ಬಂದಿದೆಯಲ್ಲ, ಈ ಮನೆ ಹೇಗಿದೆ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಜಾಹೀರಾತಿನ ಹಣ ಪಡೆದದ್ದು ಮಾತ್ರ ನಮ್ಮ ಲೆಕ್ಕದ ಪುಸ್ತಕದಲ್ಲಿ ದಾಖಲಾಗಿತ್ತು.

ಆ ನಾಚಿಕೆಯೇ ಇಂದಿನ ಅಗ್ರಲೇಖಕ್ಕೆ ಕಾರಣ. ಬುದ್ಧಿಮಾಂದ್ಯರೆಂದು ರೂಢಿಯಲ್ಲಿ ಕರೆಯಲ್ಪಡುವ ನಮ್ಮ ಬಂಧುಗಳನ್ನು ಇರಿಸಿಕೊಂಡು ನೋಡಿಕೊಳ್ಳುವ ಮನೆಗಳು ಪಟ್ಟಣಗಳ ಹೊರವಲಯದಲ್ಲಿ ಒಂದೊಂದಾಗಿ ಏಳುತ್ತಿರುವುವು. ಕೆಲವನ್ನು ಧರ್ಮಬುದ್ಧಿಯ ಮಹನೀಯರೂ, ಮಠ-ಮಿಷನ್ನುಗಳವರೂ, ಇಂತಹ ಮಕ್ಕಳ ತಂದೆತಾಯಿಗಳೇ ಕೂಡಿ ಕಟ್ಟಿದ ಸಂಘಗಳವರೂ ನಡೆಸುತ್ತಿರುವರು. ಅವರಿಗೆ ನಮ್ಮ ನಮಸ್ಕಾರ. ಉಳಿದವು ವ್ಯಾಪಾರ. ವ್ಯಾಪಾರವೆಂದ ಮಾತ್ರಕ್ಕೆ ಅದು ಪಾಪವೆಂದು ನಾವು ಹೇಳುವವರಲ್ಲ. ನಾವೂ ಪತ್ರಿಕೆ ಮಾರಿ ಜೀವಿಸುವವರೇ. ಆದರೆ ಈ ವ್ಯಾಪಾರದ ಸ್ವರೂಪವೇನೆಂಬುದನ್ನು ವಿಚಾರಿಸಿ ನೋಡುವುದು ಅವಶ್ಯವಾಗಿದೆ.

ಸಂತೆಯಲ್ಲಿ ಅಕ್ಕಿ ಕೊಳ್ಳುವವನು ಕಾಳನ್ನು ಅಂಗೈಯಲ್ಲಿಟ್ಟು ನೋಡುತ್ತಾನೆ. ಉಂಡ ಮೇಲೆ ಕೆಟ್ಟದ್ದೆಂದು ತಿಳಿದರೆ ಮುಂದಿನ ವಾರ ಬೇರೆ ಅಂಗಡಿಗೆ ಹೋಗುತ್ತಾನೆ. ವಸತಿಗೃಹದ ಮಾತು ಹಾಗಲ್ಲ. ಇಲ್ಲಿ ಹಣ ಕೊಡುವವನು ತಂದೆ ಅಥವಾ ಅಣ್ಣ, ಉಣ್ಣುವವನು ಮತ್ತೊಬ್ಬ. ಸಾರು ಹಳಸಿತ್ತು, ರಾತ್ರಿ ಹಾಸಿಗೆ ಒದ್ದೆಯಾದಾಗ ಯಾರೂ ಬರಲಿಲ್ಲ, ಕೆನ್ನೆಗೆ ಹೊಡೆದರು ಎಂದು ಹೇಳುವ ಶಕ್ತಿ ಉಂಡವನಿಗೆ ಅನೇಕ ವೇಳೆ ಇಲ್ಲ, ಹೇಳಿದರೂ ನಂಬುವವರಿಲ್ಲ. ಹಣ ತೆತ್ತವನಿಗೆ ಕಾಣುವುದು ಭೇಟಿಯ ಭಾನುವಾರದ ಎರಡು ಘಂಟೆಗಳ ದೃಶ್ಯ: ತಲೆ ಬಾಚಿ, ಒಗೆದ ಅಂಗಿ ತೊಡಿಸಿ, ಮುಂಭಾಗದ ಪಡಸಾಲೆಯಲ್ಲಿ ಕೂಡಿಸಿದ ಮಗ. ಒಳಗಿನ ಕೋಣೆಯನ್ನು ನೋಡುತ್ತೇನೆಂದರೆ ಉಳಿದವರಿಗೆ ತೊಂದರೆಯಾದೀತೆಂಬ ಸಮಾಧಾನ ಸಿದ್ಧವಾಗಿರುತ್ತದೆ. ಸಂದೇಹ ಬಂದರೂ ತಂದೆ ಬಾಯಿ ಬಿಡಲಾರ. ಮುಂಗಡ ಹಿಂದಿರುಗೀತೆಂಬ ಭರವಸೆಯಿಲ್ಲ, ಬೇರೆಡೆ ಸ್ಥಳ ಸಿಕ್ಕೀತೆಂಬ ಭರವಸೆಯೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮಗನು ಅವರ ಕೈಯಲ್ಲಿದ್ದಾನೆ.

ಇನ್ನು ಖರ್ಚಿನ ಪಕ್ಕವನ್ನು ನೋಡೋಣ. ಬಾಡಿಗೆ, ಅಕ್ಕಿಬೇಳೆ, ಔಷಧಿ ಇವುಗಳ ಬೆಲೆ ಮಾಲಿಕನ ಅಧೀನದಲ್ಲಿಲ್ಲ. ಲಾಭ ಮಿಗಬೇಕಾದರೆ ಆತನು ಕೈಯಿಡಬಹುದಾದದ್ದು ಆಳುಗಳ ಸಂಬಳವೊಂದರಲ್ಲೇ. ಐದು ಜನ ಆಯಾಗಳಿರಬೇಕಾದಲ್ಲಿ ಮೂವರು, ರಾತ್ರಿಗೆ ಒಬ್ಬಳು. ಆಕೆಯೂ ಯಾವ ಶಿಕ್ಷಣವೂ ಇಲ್ಲದೆ, ಬೇರೆ ಕೆಲಸ ಸಿಕ್ಕದೆ ಬಂದವಳು. ಎರಡು ಡಜನ್ ಜನರ ಮಲಮೂತ್ರ, ಕೂಗಾಟ, ಮೂರ್ಛೆಗಳ ನಡುವೆ ಇರುಳು ಕಳೆಯುವ ಆ ಬಡ ಹೆಂಗಸನ್ನು ಮಾತ್ರ ದೂಷಿಸಿ ಪ್ರಯೋಜನವಿಲ್ಲ. ಆಳು ಸಾಲದ ಮನೆಯಲ್ಲಿ ಹಗ್ಗವೂ ನಿದ್ರೆಯ ಗುಳಿಗೆಯೂ ಆಳಿನ ಕೆಲಸವನ್ನು ವಹಿಸಿಕೊಳ್ಳುವುವು.

ಶುಲ್ಕ ಹೆಚ್ಚು ಕೊಟ್ಟರೆ ಆರೈಕೆಯೂ ಹೆಚ್ಚೀತೆಂದು ನಂಬುವ ವಾಚಕರು ಇಂಗ್ಲೆಂಡಿನ ಒಂದು ಪ್ರಸಂಗವನ್ನು ಅವಶ್ಯ ತಿಳಿಯಬೇಕು. ಬ್ರಿಸ್ಟಲ್ ನಗರದ ಬಳಿ ವಿಂಟರ್‌ಬೋರ್ನ್ ವ್ಯೂ ಎಂಬ 24 ಹಾಸಿಗೆಗಳ ಖಾಸಗಿ ಆಸ್ಪತ್ರೆಯಿತ್ತು. ಬುದ್ಧಿಮಾಂದ್ಯರಿಗೂ ಆಟಿಸಂ ಉಳ್ಳವರಿಗೂ ಮೀಸಲಾದ ಸ್ಥಳ. ನಡೆಸುತ್ತಿದ್ದುದು ಕ್ಯಾಸಲ್‌ಬೆಕ್ ಎಂಬ ಕಂಪನಿ. ಒಬ್ಬೊಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡು, ಅಂದರೆ ಆಗಿನ ದರದಲ್ಲಿ ಎರಡೂವರೆ ಲಕ್ಷ ರೂಪಾಯಿಗಳಷ್ಟು, ಸಾರ್ವಜನಿಕ ಬೊಕ್ಕಸದಿಂದ ಸಂದಾಯವಾಗುತ್ತಿತ್ತು. ಅಲ್ಲಿಯ ಹಿರಿಯ ದಾದಿಯೊಬ್ಬನು ಒಳಗಿನ ಕ್ರೌರ್ಯವನ್ನು ಮೇಲಿನವರಿಗೆ ತಿಳಿಸಿದನು. ಗೃಹಗಳನ್ನು ಪರೀಕ್ಷಿಸುವ ಸರಕಾರಿ ಮಂಡಲಿಗೂ ಬರೆದನು. ಯಾರೂ ಕಿವಿಗೊಡಲಿಲ್ಲ. ಕೊನೆಗೆ ಬಿ.ಬಿ.ಸಿ.ಯವರು ವರದಿಗಾರನೊಬ್ಬನನ್ನು ಕೆಲಸದಾಳಿನಂತೆ ಒಳಕ್ಕೆ ಸೇರಿಸಿ, ಗುಪ್ತವಾಗಿ ಚಿತ್ರ ತೆಗೆಸಿ, 2011ನೆಯ ಇಸವಿ ಮೇ 31ರಂದು ದೇಶಕ್ಕೆಲ್ಲ ತೋರಿಸಿದರು. ನಿವಾಸಿಗಳನ್ನು ಹೊಡೆಯುವುದು, ಕೂದಲು ಹಿಡಿದೆಳೆಯುವುದು, ಕುರ್ಚಿಯ ಕೆಳಗೆ ಒತ್ತಿ ಹಿಡಿಯುವುದು, ಬಟ್ಟೆಯ ಸಮೇತ ತಣ್ಣೀರಿನಡಿ ನಿಲ್ಲಿಸುವುದು. 11 ಮಂದಿ ತಪ್ಪೊಪ್ಪಿಕೊಂಡರು. 2012ರಲ್ಲಿ ಅವರಲ್ಲಿ 6 ಮಂದಿ ಸೆರೆಮನೆ ಕಂಡರು. ಗೃಹ ಮುಚ್ಚಿತು. ಇಂತಹ ಆಸ್ಪತ್ರೆಗಳಲ್ಲಿ ಅನಾವಶ್ಯಕವಾಗಿ ಕೂಡಿಹಾಕಿದವರನ್ನೆಲ್ಲ 2014ರ ಜೂನ್ ಒಳಗಾಗಿ ಊರಿನ ನಡುವಣ ಮನೆಗಳಿಗೆ ತರುವೆವೆಂದು ಅಲ್ಲಿಯ ಸರಕಾರ ಮಾತು ಕೊಟ್ಟಿತು. ಹತ್ತು ವರ್ಷಗಳ ಮೇಲೆ, 2024ರಲ್ಲಿಯೂ, ಸುಮಾರು 2,000 ಜನ ಆಸ್ಪತ್ರೆಗಳಲ್ಲಿಯೇ ಇದ್ದರು.

ಹಾಗಾದರೆ ಈ ಕೆಲಸವನ್ನು ಖಾಸಗಿಯವರ ಕೈಯಿಂದ ತೆಗೆದು ಸರಕಾರಕ್ಕೆ ಒಪ್ಪಿಸಿದರೆ ತೀರಿತಲ್ಲ ಎನ್ನುವವರಿರುವರು. ಅವರು ನಮ್ಮ ರಾಜಧಾನಿಯತ್ತ ಕಣ್ಣು ಹಾಯಿಸಬೇಕು. ದಿಲ್ಲಿಯ ರೋಹಿಣಿಯಲ್ಲಿ ಆಶಾಕಿರಣ ಎಂಬ ಸರಕಾರಿ ಗೃಹವಿದೆ. ಹೆಸರು ಸೊಗಸಾದುದೇ. 2024ರ ಜುಲೈ ಒಂದೇ ತಿಂಗಳಿನಲ್ಲಿ ಅಲ್ಲಿ 14 ಮಂದಿ ಮೃತರಾದರು. ಕಟ್ಟಡ ಹಿಡಿಸುವುದಕ್ಕಿಂತ ಬಹಳ ಹೆಚ್ಚು ಜನರನ್ನು ಅದರಲ್ಲಿ ತುಂಬಿದ್ದರೆಂಬುದು ಆಗ ಹೊರಬಿದ್ದಿತು. ಕುಡಿಯುವ ನೀರನ್ನು ಪರೀಕ್ಷಿಸಿರೆಂದು ಹೈಕೋರ್ಟು ಅಪ್ಪಣೆ ಕೊಡಬೇಕಾಯಿತು! ನೂರಾರು ಜೀವಗಳು ವಾಸಿಸುವ ಸರಕಾರಿ ಮನೆಯ ನೀರಿನ ಗುಣವನ್ನು ತಿಳಿಯಲು ಉಚ್ಚ ನ್ಯಾಯಾಧೀಶರ ಆಜ್ಞೆ ಬೇಕಾದ ಆಡಳಿತದ ವಿಷಯದಲ್ಲಿ ನಾವು ಹೆಚ್ಚು ಬರೆಯಲಾರೆವು.

ಬ್ರಿಸ್ಟಲಿನಲ್ಲಿ ಹಣಕ್ಕೆ ಕೊರತೆಯಿರಲಿಲ್ಲ. ದಿಲ್ಲಿಯಲ್ಲಿ ಲಾಭದ ಆಸೆಯಿರಲಿಲ್ಲ. ಎರಡು ಕಡೆಯೂ ಬಾಗಿಲು ಮುಚ್ಚಿತ್ತು. ಹೊರಗಿನವರು ಹೇಳದೆ ಕೇಳದೆ ಒಳಹೊಕ್ಕು ನೋಡುವ ಮಾರ್ಗವಿರಲಿಲ್ಲ. ಒಳಗಿನವರ ಮಾತು ಹೊರಕ್ಕೆ ಬಂದರೆ ಅದನ್ನು ಕೇಳುವವರಿರಲಿಲ್ಲ. ನಮ್ಮ ಮತವೇನೆಂದರೆ, ಈ ಗೃಹಗಳನ್ನು ಯಾರು ನಡೆಸಬೇಕೆಂಬ ಚರ್ಚೆಗಿಂತ ಮೊದಲು ಅವುಗಳ ಬಾಗಿಲನ್ನು ತೆರೆಸುವ ಕೆಲಸ ಆಗಬೇಕು.

ಈ ಮಾತನ್ನು ಹೇಳಿದೊಡನೆ ಕೆಲವು ಸ್ವದೇಶಾಭಿಮಾನಿಗಳು, ಇಂತಹ ಗೃಹಗಳು ಪಾಶ್ಚಾತ್ಯರ ಅನುಕರಣ, ನಮ್ಮದು ಅವಿಭಕ್ತ ಕುಟುಂಬದ ದೇಶ, ಅವರು ಮನೆಯಲ್ಲಿಯೇ ಇರಲಿ ಎನ್ನುವರು. ದೇಶಾಭಿಮಾನದಲ್ಲಿ ನಾವು ಯಾರಿಗೂ ಹಿಂದೆಬಿದ್ದವರಲ್ಲ. ಆದರೆ ಅವಿಭಕ್ತ ಕುಟುಂಬವೆಂಬ ಹೆಸರಿನಲ್ಲಿ ಆ ಶುಶ್ರೂಷೆಯನ್ನು ಮಾಡುತ್ತ ಬಂದವರು ಯಾರು? ತಾಯಿ, ತಾಯಿಯ ತರುವಾಯ ಮದುವೆಯಾಗದ ಅಕ್ಕ, ಇಲ್ಲವೆ ಬಾಯಿ ಬಿಡಲಾರದ ಸೊಸೆ. ಹೊಗಳಿಕೆ ಮಾತ್ರ ಮನೆಯ ಯಜಮಾನನಿಗೆ ಸಂದಿತು. ಮೇಲಾಗಿ ಇಂತಹ ಮಕ್ಕಳು ಹಿಂದೆ ಎಳೆಯ ವಯಸ್ಸಿನಲ್ಲಿಯೇ ತೀರಿಹೋಗುತ್ತಿದ್ದುದು ಹೆಚ್ಚು. ಈಗ ಔಷಧೋಪಚಾರಗಳಿಂದ ಐವತ್ತು ಅರವತ್ತು ವರ್ಷ ಬದುಕುವರು. ಇದು ಸಂತೋಷದ ಸಂಗತಿ. ತಂದೆತಾಯಿಗಳ ತರುವಾಯವೂ ಅವರು ಇರುವರೆಂಬುದೇ ಇದರ ಅರ್ಥ. ಮಕ್ಕಳು ಬೆಂಗಳೂರು, ಪುಣೆ, ಪರದೇಶಗಳಲ್ಲಿ ಚದರಿರುವಾಗ ಕುಟುಂಬದ ಗುಣಗಾನ ಒಬ್ಬನಿಗೆ ಸ್ನಾನ ಮಾಡಿಸದು. 2011ರ ಜನಗಣತಿಯಲ್ಲಿ ಬುದ್ಧಿಮಾಂದ್ಯರೆಂದು ಬರೆಯಿಸಿಕೊಂಡವರೇ 15 ಲಕ್ಷಕ್ಕೆ ಮೇಲ್ಪಟ್ಟಿದ್ದರು. ಗಣತಿಯವರ ಮುಂದೆ ಇಂತಹ ಮಗುವಿನ ಹೆಸರೆತ್ತದ ಮನೆಗಳನ್ನು ನಾವು ಬಲ್ಲೆವು.

ಕಾನೂನು ಇಲ್ಲವೆಂದು ಹೇಳುವಂತಿಲ್ಲ. ಆಂಗ್ಲರ ಆಳ್ವಿಕೆಯಲ್ಲಿ 1912ರಲ್ಲಿ ಆದ ಹುಚ್ಚರ ಕಾಯಿದೆಯು ಬುದ್ಧಿ ಬೆಳೆಯದವನನ್ನೂ ಬುದ್ಧಿ ಕೆಟ್ಟವನನ್ನೂ ಒಂದೇ ಹಗ್ಗದಲ್ಲಿ ಕಟ್ಟಿತ್ತು. ಸ್ವರಾಜ್ಯ ಬಂದ ಮೇಲೂ ನಾಲ್ಕು ದಶಕಗಳ ಕಾಲ ಅದೇ ನಡೆಯಿತು. 1987ರ ಕಾಯಿದೆಯು ಬುದ್ಧಿಮಾಂದ್ಯವು ಮನೋರೋಗವಲ್ಲವೆಂದು ಬಿಡಿಸಿ ಹೇಳಿತು. 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯಿದೆ ಆಯಿತು; ತಂದೆತಾಯಿಗಳ ತರುವಾಯ ಯಾರೆಂಬ ಪ್ರಶ್ನೆಗೇ ಹುಟ್ಟಿದ ಕಾನೂನು ಅದು. 2016ರಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಬಂದಿತು. ಅದರ 5ನೆಯ ಪ್ರಕರಣದ ಪ್ರಕಾರ ಊರವರ ನಡುವೆ ಬಾಳುವುದು ಇವರ ಹಕ್ಕು. 50ನೆಯ ಪ್ರಕರಣದ ಪ್ರಕಾರ ನೋಂದಣಿ ಪತ್ರವಿಲ್ಲದೆ ಯಾರೂ ಇಂತಹ ಸಂಸ್ಥೆಯನ್ನು ನಡೆಸಕೂಡದು. ಪತ್ರವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ತೂಗುಹಾಕಬೇಕು.

ಮುರಿದರೆ ಶಿಕ್ಷೆಯೇನು? ಮೊದಲನೆಯ ಸಲಕ್ಕೆ 10,000 ರೂಪಾಯಿಗಳವರೆಗೆ ದಂಡ. ನಮ್ಮ ಉಪಾಧ್ಯಾಯರ ಮಗನಿಗೆ ಕೇಳಿದ ಒಂದು ತಿಂಗಳ ಶುಲ್ಕ ಅದಕ್ಕಿಂತ ಹೆಚ್ಚು! ಮುಂದಿನ ಅಪರಾಧಗಳಿಗೆ 50,000ದಿಂದ 5 ಲಕ್ಷದವರೆಗೆ ಇದೆಯೆಂಬುದು ನಿಜ. ಆದರೆ ಮೊದಲನೆಯದನ್ನೇ ಹಿಡಿಯುವವರಿಲ್ಲದಿದ್ದರೆ ಎರಡನೆಯದು ಬರುವುದೆಂತು?

ಇದಕ್ಕಿಂತ ಸೂಕ್ಷ್ಮವಾದ ಮತ್ತೊಂದು ವಿಷಯವಿದೆ. 1999ರ ಕಾಯಿದೆಯ ಮೇರೆಗೆ ಜಿಲ್ಲಾಧಿಕಾರಿಗಳೂ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿಯೂ, ಅಂಗವಿಕಲರೊಬ್ಬರೂ ಇರುವ ಸ್ಥಳೀಯ ಸಮಿತಿಯು ಇವರಿಗೆ ಪಾಲಕರನ್ನು ನೇಮಿಸುತ್ತದೆ. ಪಾಲಕನು ಆಸ್ತಿಯ ಪಟ್ಟಿಯನ್ನೂ ವರ್ಷ ವರ್ಷದ ಲೆಕ್ಕವನ್ನೂ ಒಪ್ಪಿಸಬೇಕು. ತಪ್ಪಿ ನಡೆದರೆ ಅವನನ್ನು ತೆಗೆದುಹಾಕಬಹುದು. ವ್ಯವಸ್ಥೆ ಚೆನ್ನಾಗಿಯೇ ಇದೆ. ಆದರೆ ದಿಕ್ಕಿಲ್ಲದವನಿಗೆ ಸಂಸ್ಥೆಯೇ ಪಾಲಕನಾದಾಗ ಏನಾಗುವುದು? ಶುಲ್ಕ ತೆಗೆದುಕೊಳ್ಳುವವನೂ, ಆ ಶುಲ್ಕಕ್ಕೆ ತಕ್ಕ ಆರೈಕೆ ದೊರೆಯಿತೇ ಎಂದು ಕೇಳಬೇಕಾದವನೂ ಒಬ್ಬನೇ ಆಗುವನು. ತಂದೆ ಬಿಟ್ಟುಹೋದ ಹೊಲಮನೆಯ ಲೆಕ್ಕವೂ ಅವನ ಕೈಯಲ್ಲಿಯೇ. ಇದನ್ನು ನಾವು ಒಪ್ಪಲಾರೆವು. ಒಬ್ಬನನ್ನು ಇರಿಸಿಕೊಂಡ ಗೃಹವು ಅವನ ಪಾಲಕನಾಗಕೂಡದೆಂಬ ನಿಯಮ ಆಗಲೇಬೇಕು. ಬಂಧುಗಳಿಲ್ಲದಿದ್ದಲ್ಲಿ ಊರಿನ ಒಬ್ಬ ವಕೀಲರೋ, ವಿಶ್ರಾಂತ ಶಿಕ್ಷಕರೋ, ಮಹಿಳಾ ಸಮಾಜದ ಒಬ್ಬ ತಾಯಿಯೋ ಆ ಭಾರವನ್ನು ಹೊರಲಿ.

ನಮ್ಮ ವಾಚಕರಲ್ಲಿ ಅಧಿಕಾರಿಗಳು ಅನೇಕರಿರುವರು. ಅವರಲ್ಲಿ ನಮ್ಮ ಬಿನ್ನಹವಿಷ್ಟೆ. ಸ್ಥಳೀಯ ಸಮಿತಿಯು ಮೂರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದೆಂದು ಕಾಯಿದೆಯಲ್ಲಿಯೇ ಇದೆ. ತಮ್ಮ ಜಿಲ್ಲೆಯಲ್ಲಿ ಕಡೆಯ ಸಭೆ ಯಾವಾಗ ಆಯಿತೆಂದು ಕಡತ ತೆಗೆದು ನೋಡಬೇಕು. ಜಿಲ್ಲೆಯ ನೋಂದಾಯಿತ ಗೃಹಗಳ ಪಟ್ಟಿಯನ್ನು, ಒಂದೊಂದರಲ್ಲಿ ಎಷ್ಟು ನಿವಾಸಿಗಳು, ಹಗಲಿಗೆಷ್ಟು ಆಳು, ರಾತ್ರಿಗೆಷ್ಟು ಆಳು, ಶುಲ್ಕವೆಷ್ಟು, ಮುಂಗಡವನ್ನು ಹಿಂದಿರುಗಿಸುವ ಕರಾರೇನು ಎಂಬ ವಿವರದೊಡನೆ ಕಚೇರಿಯ ಹೊರಗೆ ಅಂಟಿಸಬೇಕು. ಭೇಟಿಗೆ ಹೋಗುವುದಾದರೆ ರಾತ್ರಿ ಹತ್ತು ಘಂಟೆಗೆ ಹೋಗಬೇಕು, ಮುಂದಾಗಿ ತಿಳಿಸದೆ ಹೋಗಬೇಕು. ಹಾರ ಹಣ್ಣುಗಳ ಸ್ವಾಗತವಿದ್ದಲ್ಲಿ ಪರೀಕ್ಷೆ ನಡೆಯಲಿಲ್ಲವೆಂದೇ ತಿಳಿಯತಕ್ಕದ್ದು. 2025ರಲ್ಲಿ ಸುಪ್ರೀಂ ಕೋರ್ಟು ದೇಶದ ಇಂತಹ ಗೃಹಗಳ ಸ್ಥಿತಿಗತಿಗಳ ಪರಿಶೀಲನೆಯನ್ನು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಒಪ್ಪಿಸಿತು. ಪಂಡಿತರ ವರದಿ ಬರುವವರೆಗೆ ತಹಶೀಲ್ದಾರರು ಕೈಕಟ್ಟಿ ಕೂಡಬೇಕೆಂದು ಯಾವ ಕೋರ್ಟೂ ಹೇಳಿಲ್ಲ.

ನೂರಾರು ಜನರನ್ನು ಊರ ಹೊರಗಿನ ಒಂದು ಕಟ್ಟಡದಲ್ಲಿ ತುಂಬುವ ಪದ್ಧತಿಯನ್ನು ಕ್ರಮೇಣ ಬಿಡಬೇಕೆಂಬುದೂ ನಮ್ಮ ಅಭಿಪ್ರಾಯ. ಆರೆಂಟು ಜನರ ಮನೆ ಓಣಿಯ ನಡುವೆ ಇದ್ದರೆ ಹಾಲಿನವನು ಬರುತ್ತಾನೆ, ಪಕ್ಕದ ಮನೆಯಾಕೆ ಗೋಡೆಯ ಆಚೆಯಿಂದ ಕೂಗು ಕೇಳುತ್ತಾಳೆ, ಹಬ್ಬದ ದಿನ ಯಾರೋ ಹೋಳಿಗೆ ಕಳಿಸುತ್ತಾರೆ. ಇಂತಹ ಮನೆಗೆ ಖರ್ಚು ಹೆಚ್ಚು ಬೀಳಬಹುದು. ಅದನ್ನು ಪೂರ್ತಿಯಾಗಿ ತಂದೆಯ ಪಿಂಚಣಿಯ ಮೇಲೆ ಹೊರಿಸಿ, ಸರಕಾರವು ಆರೋಗ್ಯವಿಮೆಯ ಒಂದು ಲಕ್ಷದ ಮಿತಿಯನ್ನು ತೋರಿಸಿ ಕೈತೊಳೆದುಕೊಳ್ಳುವುದು ಸಲ್ಲದು. ಆಯಾಗಳ ಸಂಬಳದ ಒಂದು ಭಾಗವನ್ನು ಬೊಕ್ಕಸವೇ ವಹಿಸಬೇಕು; ಅವರಿಗೆ ಶಿಕ್ಷಣ ಕೊಟ್ಟು ಒಂದು ಪದವನ್ನೂ ಮರ್ಯಾದೆಯನ್ನೂ ಕೊಡಬೇಕು.

ಇನ್ನು ನಮ್ಮ ಪಾಲಿನದು. ಬರುವ ತಿಂಗಳ ಮೊದಲ ತೇದಿಯಿಂದ, 2016ರ ಕಾಯಿದೆಯ ಮೇರೆಗೆ ಪಡೆದ ನೋಂದಣಿ ಪತ್ರದ ಸಂಖ್ಯೆಯನ್ನು ಕೊಡದ ಯಾವ ವಸತಿಗೃಹದ ಜಾಹೀರಾತೂ ಈ ಪತ್ರಿಕೆಯಲ್ಲಿ ಅಚ್ಚಾಗದು. ಸಂಖ್ಯೆ ಕೊಟ್ಟವರದನ್ನು ಆ ಸಂಖ್ಯೆಯ ಸಹಿತವೇ ಅಚ್ಚು ಮಾಡುವೆವು. ಇದರಿಂದ ನಮಗೆ ತಿಂಗಳಿಗೆ ಕೆಲವು ಸಾವಿರ ನಷ್ಟವಾದೀತೆಂದು ನಮ್ಮ ವ್ಯವಸ್ಥಾಪಕರು ಲೆಕ್ಕ ಹಾಕಿ ತೋರಿಸಿರುವರು, ನೋಡಿದ್ದೇವೆ. ಉಪಾಧ್ಯಾಯರು ತಂದಿದ್ದ ತುಣುಕಿನ ಗೃಹಕ್ಕೂ ಪತ್ರ ಬರೆದು ಅವರ ಸಂಖ್ಯೆಯನ್ನು ಕೇಳಿರುವೆವು. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ; ಬಂದೊಡನೆ ಅವರ ಮನೆಗೆ ನಾವೇ ಹೋಗಿ ತಿಳಿಸುವೆವು.