ಬೋರ್ಡ್ ಹೋಗಿದೆ ಅಂದ್ರೆ ಏನು ಹೋಗಿದೆ?

ನಮ್ಮ ಡೊಂಬಿವಲಿಯ ಮನೆಗೆ ರಿಪೇರಿಗೆ ಅಂತ ಯಾರೇ ಬರಲಿ, ಐದೇ ನಿಮಿಷದಲ್ಲಿ ಒಂದೇ ತೀರ್ಪು. "ಅಂಕಲ್, ಬೋರ್ಡ್ ಗಯಾ." ವಾಷಿಂಗ್ ಮೆಷಿನ್ನಿಗೂ ಅದೇ, ಫ್ರಿಜ್ಜಿಗೂ ಅದೇ. ಕಳೆದ ಮಳೆಗಾಲದಲ್ಲಿ ಅಡುಗೆಮನೆಯ ಇಂಡಕ್ಷನ್ ಒಲೆಗೂ ಅದೇ ಗತಿ ಬಂತು.

ಈ ಒಲೆ ಅಮ್ಮನದು. ಎಂಬತ್ತು ದಾಟಿದ ಮೇಲೆ ಅವಳಿಗೆ ಗ್ಯಾಸ್ ಆರಿಸೋದು ಮರೆತುಹೋಗತೊಡಗಿತು, ಆಗ ತಂದದ್ದು. ಪಾತ್ರೆ ಎತ್ತಿದರೆ ಕಾಯೋದು ತಾನಾಗೇ ನಿಲ್ಲುತ್ತೆ. ಒತ್ತುವ ಗುಂಡಿಗಳಿವೆ, ಎಡದಿಂದ ಮೂರನೆಯದು ಹಾಲಿಗೆ ಅಂತ ಅವಳ ಬೆರಳಿಗೇ ಗೊತ್ತು. ಬೆಳಿಗ್ಗೆ ಐದಕ್ಕೆ ಎದ್ದು, ಯಾರನ್ನೂ ಎಬ್ಬಿಸದೆ, ತನ್ನ ಕಾಫಿ ತಾನೇ ಮಾಡಿಕೊಳ್ತಾಳೆ. ಊರಮನೆ ಬಿಟ್ಟು ಬಂದವಳಿಗೆ ತನ್ನದು ಅಂತ ಉಳಿದಿರೋದು ಅದೊಂದೇ. "ಮೂರು ಸಾವಿರಕ್ಕೆ ಹೊಸದೇ ಬರುತ್ತಲ್ಲಾ" ಅನ್ನೋರಿಗೆ ಇದು ಅರ್ಥ ಆಗಲ್ಲ. ಅಂಗಡಿಯಲ್ಲಿ ನೋಡಿದ ಹೊಸದೆಲ್ಲ ನುಣ್ಣನೆ ಗಾಜು, ಟಚ್ ಅಂತೆ. ಗುಂಡಿ ಎಲ್ಲಿ ಅಂತ ಕಣ್ಣು ಹರಿಸಿ ಹುಡುಕಬೇಕು.

ಒಂದು ದಿನ ಪಾತ್ರೆ ಇಟ್ಟರೆ ಬೀಪ್ ಬೀಪ್, ಪರದೆಯ ಮೇಲೆ ಇ ಅಕ್ಷರ, ಪಕ್ಕದಲ್ಲೊಂದು ಅಂಕಿ. ಕಂಪನಿಯ ಹುಡುಗ ಬಂದ. ಪ್ಲಗ್ ಹಾಕಿದ, ಅಂಕಿ ನೋಡಿದ, ಮೊಬೈಲ್ ನೋಡಿದ. ಬೋರ್ಡಿಗೆ ಎರಡು ಸಾವಿರದ ನಾನೂರು ಅಂದ. ಒಂದು ಸ್ಕ್ರೂ ಕೂಡಾ ಬಿಚ್ಚಲಿಲ್ಲ! ಬಂದುಹೋದದ್ದಕ್ಕೆ ನಾನೂರು ರೂಪಾಯಿ ಬೇರೆ.

ನನ್ನ ತಕರಾರು ಇಲ್ಲೇ. ಆ ಅಂಕಿ ಹೇಳೋದು ಬೋರ್ಡಿಗೆ ಏನು ಕಂಡಿದೆ ಅಂತ, ಯಾವುದು ಕೆಟ್ಟಿದೆ ಅಂತ ಅಲ್ಲ. ಒಂದು ಕಂಪನಿಯಲ್ಲಿ ಒಂದು ಅಂಕಿಗೆ ಒಂದು ಅರ್ಥ, ಇನ್ನೊಂದರಲ್ಲಿ ಬೇರೆಯೇ. ಜ್ವರ ನೂರಾಎರಡು ಅಂತ ಗೊತ್ತಾದ ಕೂಡಲೇ ಡಾಕ್ಟರು ಆಪರೇಷನ್ನಿಗೆ ಬರೆದುಕೊಟ್ಟರೆ ನೀವು ಒಪ್ಪುತ್ತೀರಾ?

ಸ್ಟೇಷನ್ ಹತ್ತಿರ ಒಬ್ಬರು ಕಾಕಾ ಇದ್ದಾರೆ. ರೇಡಿಯೋ ಕಾಲದಿಂದ ರಿಪೇರಿ ಮಾಡ್ತಾ ಬಂದೋರು. ಈಗ ಅರ್ಧ ಅಂಗಡಿಯಲ್ಲಿ ಮಗ ಮೊಬೈಲ್ ಕವರ್ ಮಾರ್ತಾನೆ. ಒಲೆಯನ್ನು ಚೀಲದಲ್ಲಿ ಹೊತ್ತುಕೊಂಡು ಅಲ್ಲಿಗೇ ಹೋದೆ. ಅವರು ಬಿಚ್ಚಿ, ಕೆಪಾಸಿಟರುಗಳಲ್ಲಿ ಉಳಿದ ಕರೆಂಟು ಇಳಿಸಿ ಆಮೇಲೆ ಕೈ ಹಾಕಿದರು. (ನೀವು ಮನೆಯಲ್ಲಿ ಬಿಚ್ಚೋಕೆ ಹೋಗಬೇಡಿ ಮಾರಾಯ್ರೆ. 230 ವೋಲ್ಟು ಒಳಗೆ ಡಿಸಿ ಆದಾಗ 325ರ ಹತ್ತಿರ ಹೋಗುತ್ತೆ.) ಗಾಜಿನ ಕೆಳಗೆ, ತಾಮ್ರದ ಸುರುಳಿಯ ನಡುವೆ, ಬಿಳಿ ಪೇಸ್ಟು ಮೆತ್ತಿಕೊಂಡ ಸಾಸಿವೆಯಷ್ಟು ಸಣ್ಣ ಮಣಿ. ಅದೇ ಥರ್ಮಿಸ್ಟರ್, ಪಾತ್ರೆ ಎಷ್ಟು ಬಿಸಿ ಆಗಿದೆ ಅಂತ ಬೋರ್ಡಿಗೆ ತಿಳಿಸೋದು. ಇಂಥ ಒಲೆಗಳಲ್ಲಿ ಸಾಮಾನ್ಯವಾಗಿ 25 ಡಿಗ್ರಿಯಲ್ಲಿ ಒಂದು ಲಕ್ಷ ಓಮ್, ಬಿಸಿ ಏರಿದಷ್ಟೂ ಇಳಿಯಬೇಕು. ಕಾಕಾ ಮೀಟರ್ ಹಿಡಿದರೆ ಏನೂ ತೋರಿಸಲಿಲ್ಲ. ಮಣಿಯ ಒಂದು ಕಾಲು ಬುಡದಲ್ಲೇ ಮುರಿದಿತ್ತು. ಹೊಸ ಮಣಿ ತೆಗೆದು ಮೀಟರಿಗೆ ಸಿಕ್ಕಿಸಿ, "ಚಿವುಟಿ ಹಿಡೀರಿ" ಅಂದರು. ನನ್ನ ಬೆರಳ ಬಿಸಿಗೇ ಅಂಕಿ ಸರಸರ ಇಳೀತು!

ಅಂದರೆ ಬೋರ್ಡ್ ಹೋಗಿರಲೇ ಇಲ್ಲ. ಬಿಸಿ ಎಷ್ಟು ಅಂತ ಗೊತ್ತಾಗದೆ ಉರಿಯಲ್ಲ ಅಂತ ಹಟ ಹಿಡಿದು, ತನ್ನ ಕೆಲಸ ಸರಿಯಾಗೇ ಮಾಡ್ತಿತ್ತು. ಕಾಕಾ ತಗೊಂಡದ್ದು ನೂರೈವತ್ತು.

ಹಾಗಂತ ಬೋರ್ಡ್ ಕೆಡೋದೇ ಇಲ್ಲ ಅಂತಲ್ಲ. ಮೇಲಿನ ಮನೆಯವರ ಒಲೆ ಪ್ಲಗ್ ಹಾಕಿದ ತಕ್ಷಣ ಮೇನನ್ನೇ ಬೀಳಿಸ್ತಿತ್ತು. ಸುರುಳಿಯ ಕರೆಂಟನ್ನು ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಬಿಟ್ಟು ತಡೆಯುವ ಐಜಿಬಿಟಿ ಅನ್ನೋ ಬಿಡಿಭಾಗ ಶಾರ್ಟ್ ಆಗಿತ್ತು. ಅವರ ಭಾವಮೈದ ಫ್ಯೂಸ್ ಮಾತ್ರ ಹಾಕಿದ, ಢಂ ಅಂತು. ಅದನ್ನು ನೋಡಿದ ಕಾಕಾನೇ "ಇದಕ್ಕೆ ಬೋರ್ಡೇ ಹಾಕಿಸಿ, ಸುತ್ತಲಿನದೂ ಸುಟ್ಟಿದೆ" ಅಂದರು. ಅಳೆದು ನೋಡಿ ಹೇಳಿದ ಮಾತು, ನಾನು ಒಪ್ಪಿದೆ.

ಕಂಪನಿಯ ಹುಡುಗನನ್ನು ಬೈದು ಏನೂ ಪ್ರಯೋಜನ ಇಲ್ಲ. ಒಂದು ಮನೆ ಮುಗಿಸಿ ಇನ್ನೊಂದಕ್ಕೆ ಓಡಬೇಕು, ಅವನ ಚೀಲದಲ್ಲಿ ಮೀಟರೇ ಇರಲಿಲ್ಲ. ಸರ್ಕಿಟ್ ನಕ್ಷೆ ಕೇಳಿದರೆ ನಗ್ತಾನೆ. ಹತ್ತಿಪ್ಪತ್ತು ರೂಪಾಯಿಯ ಮಣಿ ಬಿಡಿಯಾಗಿ ಸಿಗೋದು ಲ್ಯಾಮಿಂಗ್ಟನ್ ರೋಡಿನಲ್ಲಿ, ಅವನ ಕಂಪನಿಯಲ್ಲಿ ಅಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗೆ ಅಂತ ಒಂದು ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ಲೂ ಬಂತು. ಒಳ್ಳೆಯದೇ. ಆದರೆ ನನಗೆ ಬೇಕಾದದ್ದು ಇನ್ನೂ ಸಣ್ಣದು. ಬಿಲ್ಲಿನಲ್ಲಿ ಒಂದು ಸಾಲು: ಏನು ಅಳೆದೆವು, ಎಷ್ಟು ಬಂತು.

ಮುಂದಿನ ವಾರ ವಾಷಿಂಗ್ ಮೆಷಿನ್ನಿಗೆ ಒಬ್ಬ ಬರ್ತಾನೆ. ಬೋರ್ಡ್ ಅಂದರೆ ಅದನ್ನೇ ಕೇಳೋನಿದ್ದೇನೆ. ಉತ್ತರ ಇಲ್ಲದಿದ್ದರೆ ಬಂದುಹೋದ ದುಡ್ಡು ಕೊಟ್ಟು, ಚಹಾ ಕುಡಿಸಿ ಕಳಿಸೋದು. ಪುಣೆ, ಹೈದರಾಬಾದ್ ಕಡೆ ನಿಮಗೂ ಇಂಥ ಕಾಕಾ ಯಾರಾದರೂ ಗೊತ್ತಿದ್ದರೆ ತಿಳಿಸಿ. ನಮ್ಮ ಕಾಕಾ ದೀಪಾವಳಿ ಕಳೆದ ಮೇಲೆ ಅಂಗಡಿ ಪೂರ್ತಿ ಮಗನಿಗೇ ಬಿಡ್ತಾರಂತೆ.