ಕೆಡಹುವ ಮುನ್ನ



ಅಜ್ಜ ಕಟ್ಟಿಸಿದ ಮನೆಯನ್ನು ನೆಲಸಮ ಮಾಡಲು ಜೆಸಿಬಿಗೆ ಒಂದು ಹಗಲು ಸಾಕು. ಆದರೆ ಆ ಹಗಲು ಬರುವ ಮುನ್ನ ಮನೆಯವರೆಲ್ಲ ಒಮ್ಮೆ ಕೂತು ಮಾತನಾಡಿದ್ದೀರಾ?

ಕೋಲಾರದ ಚಿನ್ನದ ಗಣಿ ಪ್ರದೇಶವನ್ನೇ ನೋಡಿ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪೆನಿ ಇಲ್ಲಿಗೆ ಬಂತು. ಅಧಿಕಾರಿಗಳಿಗಾಗಿ ಅಗಲವಾದ ವರಾಂಡ, ಎತ್ತರದ ಹೆಂಚಿನ ಮಾಡು ಇರುವ ಬಂಗಲೆಗಳು ಎದ್ದವು. ಕಾರ್ಮಿಕರ ಪಾಲಿಗೆ ಮೊದಲು ಬಿದಿರು ತಟ್ಟಿಯ ಗುಡಿಸಲುಗಳು, ಆಮೇಲೆ ಸಾಲು ಸಾಲು ‘ಲೈನ್’ ಮನೆಗಳು. ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ದುಡಿಮೆ ಹುಡುಕಿ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೊರಟರು. ಹಲವು ಬಂಗಲೆಗಳು ಪಾಳುಬಿದ್ದವು. ಆ ಮನೆಗಳು ವಾಸವಿದ್ದವರ ಸ್ವಂತದ್ದಾಗಿರಲಿಲ್ಲ. ಉಳಿಸುವ ನಿರ್ಧಾರವೂ ಅವರ ಕೈಯಲ್ಲಿರಲಿಲ್ಲ.

ಅಲ್ಲಿಂದ ರೈಲಿನಲ್ಲಿ ಸ್ವಲ್ಪ ದೂರದ ಬಂಗಾರಪೇಟೆಯ ಮಾತು ಬೇರೆ. ಕಮಿಷನರ್ ಬೌರಿಂಗ್ ಹೆಸರಿನಿಂದ ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಊರಿದು. ಇಂತಹ ಊರಿನ ಹಳೆಯ ಮನೆಗಳು ಕುಟುಂಬಗಳ ಸ್ವತ್ತು. ಅವುಗಳ ಅಳಿವು ಉಳಿವು ನಮ್ಮದೇ ಕೈಯಲ್ಲಿದೆ.

ಕೋಲಾರ ಬಂಡೆಗಳ ನಾಡು. ಇಲ್ಲಿನ ಹಿರಿಯರು ಹತ್ತಿರ ಸಿಗುವ ಕಲ್ಲು, ಮಣ್ಣು, ಸುಣ್ಣಗಳಿಂದಲೇ ಮನೆ ಕಟ್ಟಿದರು. ದಪ್ಪ ಗೋಡೆ ಬೇಸಿಗೆಯ ಬಿಸಿಲನ್ನು ತಡೆಯುತ್ತದೆ. ಜಗಲಿಯಲ್ಲಿ ಬಂದವರು ಕೂರುತ್ತಾರೆ, ಒಳಗಿನ ಹೆಣ್ಣುಮಕ್ಕಳಿಗೆ ಮುಜುಗರವಿಲ್ಲ. ಹಿತ್ತಲಲ್ಲಿ ಬಾವಿ, ಬಟ್ಟೆ ಒಣಗಿಸುವ ಜಾಗ. ಇದೆಲ್ಲ ಅನುಭವದಿಂದ ಬಂದ ಲೆಕ್ಕಾಚಾರ. ಇದನ್ನು ಕೆಡವಿ ಬೆಂಕಿಪೆಟ್ಟಿಗೆಯಂತಹ ಕಾಂಕ್ರೀಟು ಕೋಣೆ ಕಟ್ಟಿ, ಮತ್ತೆ ಸೆಕೆ ತಾಳದೆ ಫ್ಯಾನು, ಎಸಿ ಎಂದು ಸಾಲ ಮಾಡುತ್ತೇವೆ. ದುಂದುವೆಚ್ಚವನ್ನು ಇಸ್ಲಾಮ್ ವಿರೋಧಿಸುತ್ತದೆ. ಗಟ್ಟಿಯಾಗಿರುವುದನ್ನು ಒಡೆದು ಮತ್ತೆ ಕಟ್ಟುವುದು ದುಂದಲ್ಲವೇ?

ಹಾಗೆಂದು ಹಳೆಯದೆಲ್ಲ ಪವಿತ್ರವಲ್ಲ. ಕತ್ತಲೆಯ ಅಡಿಗೆಮನೆಯಲ್ಲಿ ಹೊಗೆ ಕುಡಿದವಳು ಅಮ್ಮ. ಕಿಟಕಿ ದೊಡ್ಡದಾಗಲಿ, ಶೌಚಾಲಯ ಒಳಗೆ ಬರಲಿ. ತೊಲೆಗಳಿಗೆ ಗೆದ್ದಲು ಹಿಡಿದು ಮಾಡು ಕುಸಿಯುವಂತಿದ್ದರೆ ಮಕ್ಕಳ ಪ್ರಾಣವೇ ಮುಖ್ಯ.

ನಿಜ ಹೇಳಬೇಕೆಂದರೆ ಅನೇಕ ಮನೆಗಳು ಬೀಳುವುದು ಗೆದ್ದಲಿನಿಂದಲ್ಲ, ಪಾಲಿನಿಂದ. ತಂದೆ ತೀರಿದೊಡನೆ ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸುತ್ತಾರೆ, ಇಲ್ಲವೇ ಮಾರಿ ಹಣ ಹಂಚಿಕೊಳ್ಳುತ್ತಾರೆ. ಕೆಲವು ಕಡೆ ‘ತಂದೆಯ ನೆನಪು, ಒಡೆಯಬಾರದು’ ಎಂದು ಹೇಳಿ ಅಕ್ಕತಂಗಿಯರ ಬಾಯಿ ಮುಚ್ಚಿಸುವುದೂ ಉಂಟು. ಇದು ನೆನಪಿನ ಹೆಸರಿನಲ್ಲಿ ನಡೆಯುವ ಅನ್ಯಾಯ. ಹೆಣ್ಣುಮಕ್ಕಳ ಪಾಲು ಅಲ್ಲಾಹನು ನಿಗದಿಪಡಿಸಿದ ಹಕ್ಕು. ಅದನ್ನು ನುಂಗಿ ಉಳಿಸಿದ ಮನೆಯಲ್ಲಿ ಬರಕತ್ ಎಲ್ಲಿಂದ ಬರಬೇಕು?

ದಾರಿ ಇದೆ. ಮೊದಲು ವಾರಸುದಾರರ ಪಾಲನ್ನು ಲೆಕ್ಕ ಹಾಕಿ ಬರೆದಿಡಿ. ಮನೆಗೆ ಇಂದಿನ ಬೆಲೆ ಕಟ್ಟಿಸಿ. ಉಳಿಸಿಕೊಳ್ಳುವ ಮನಸ್ಸಿರುವವರು ಉಳಿದವರ ಪಾಲನ್ನು ನ್ಯಾಯವಾದ ಬೆಲೆಗೆ ಕೊಳ್ಳಲಿ, ಬೇಕಾದರೆ ಕಂತುಗಳಲ್ಲಿ, ಬರಹದ ಮೂಲಕ. ಆಮೇಲೆ ಹಳೆಯ ಕೆಲಸ ಬಲ್ಲ ಗಾರೆಯವರನ್ನೂ ಇಂಜಿನಿಯರನ್ನೂ ಕರೆಸಿ ತೋರಿಸಿ. ಮಣ್ಣಿನ ಗೋಡೆಗೆ ಸಿಮೆಂಟು ಬಳಿಯಬೇಡಿ. ತೇವ ಒಳಗೇ ಉಳಿದು ಗೋಡೆ ಕೆಡುತ್ತದೆ. ಸುಣ್ಣದ ಗಾರೆಯೇ ಮೇಲು. ಮಳೆಗಾಲಕ್ಕೆ ಮೊದಲು ಒಡೆದ ಹೆಂಚು ಬದಲಿಸಿ.

ಕೆಡವಲೇಬೇಕಾದರೆ ಬಾಗಿಲು, ಕಂಬ, ಕಲ್ಲು ಚಪ್ಪಡಿಗಳನ್ನು ಜೋಪಾನವಾಗಿ ಬಿಚ್ಚಿಸಿ ಹೊಸ ಮನೆಗೆ ಬಳಸಿ. ಅಜ್ಜಿಯನ್ನು ಕೂರಿಸಿಕೊಂಡು ಯಾವ ಕೋಣೆಯಲ್ಲಿ ಯಾರು ಹುಟ್ಟಿದರು ಎಂದು ಕೇಳಿ, ಮಕ್ಕಳಿಂದ ಬರೆಸಿಡಿ.

ಮನೆ ಉಳಿದರೆ ಸಂತೋಷ. ಉಳಿಯದಿದ್ದರೂ, ಅಲ್ಲಿ ಬೆಳೆದ ಅಣ್ಣತಂಗಿಯರು ಈದ್ ದಿನ ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ದಾಟುವಂತಿರಲಿ.